ಬಿಗಿದ ತಂತಿಯ ಆಲ್ಬಮ್

ಹಾಡುಗಾರ ವಿರೂಪಾಕ್ಷನ ಗಂಟಲಿಗೆ ಮೇಲಿನ ಸ್ವರ ಸಲೀಸಾಗಿ ಎಟುಕುತ್ತಿರಲಿಲ್ಲ. ಅದಕ್ಕೇ ಎಲಿಯಾ ತನ್ನ ಗಿಟಾರಿನ ತಂತಿಗಳನ್ನು ಸಡಿಲಿಸಿ, ಶ್ರುತಿ ಇಳಿಸಿ ನುಡಿಸುತ್ತಿದ್ದ. ಹುಬ್ಬಳ್ಳಿಯಲ್ಲಿ ತಮ್ಮ ರಾಕ್ ಬ್ಯಾಂಡ್ ಕಟ್ಟಿದವರು ಅವರಿಬ್ಬರೇ.

ನಾನು ಒಂದು ಸಿ.ಡಿ. ಎಲಿಯಾ ಬ್ಯಾಂಡ್ ಬಿಟ್ಟುಹೋದ ಮೇಲೆ ಹುಟ್ಟಿದ ಆಲ್ಬಮ್. ಅವರ ಜಗಳವನ್ನು ನಾನು ಕಂಡಿಲ್ಲ. ಡ್ರಮ್ ಬಾರಿಸುವ ದಾದಾಪೀರ್ ಹೇಳಿದ್ದನ್ನು ಕೇಳಿದ್ದೇನೆ.

"ಜನ ಬರೋದು ನನ್ನ ದನಿ ಕೇಳಾಕ" ಎಂದನಂತೆ ವಿರೂಪಾಕ್ಷ.

"ನಿನ್ನ ದನಿ ಹೊತ್ತು ತಿರಗಿದ್ದು ನನ್ನ ಸಡ್ಲ ತಂತಿ, ಮಗನ" ಎಂದು ಎಲಿಯಾ ಗಿಟಾರ್ ಎತ್ತಿಕೊಂಡು ನಡೆದನಂತೆ.

ಸದ್ದು ಹೊರಗೆ ಹೋಗದಂತೆ ಗೋಡೆಗೆ ಹಳೆಯ ಗಾದಿ ಹೊಡೆದ ಕೋಣೆಯಲ್ಲಿ ರೆಕಾರ್ಡಿಂಗ್ ನಡೆಯಿತು. ಹೊಸ ಗಿಟಾರಿನವನಿಗೆ ವಿರೂಪಾಕ್ಷ ಹೇಳಿದ: "ತಂತಿ ಪೂರಾ ಬಿಗಿ. ಶ್ರುತಿ ಇಳಸಂಗಿಲ್ಲ."

"ನೀ ಏನ್ ರೈಲ್ವೆ ಇಂಜಿನ್ನೇನಲೇ, ಸೀಟಿ ಹೊಡ್ಯಾಕ?" ಎಂದ ದಾದಾಪೀರ್.

"ಬಡಿಯೋದು ನಿನ್ನ ಕೆಲಸ. ಬಡಿ."

ಪ್ರತಿ ಹಾಡು ಮುಗಿದಾಗಲೂ ವಿರೂಪಾಕ್ಷ ಕೆಮ್ಮಿದ. ಕೆಮ್ಮು ಕತ್ತರಿಸಿ ಹಾಡನ್ನಷ್ಟೇ ನನ್ನೊಳಗೆ ಇಟ್ಟರು. ಕಾಲೇಜು ಹುಡುಗರಿಗೆ ನಾನು ಹಿಡಿಸಿದೆ. ಪ್ರತಿ ಕಾರ್ಯಕ್ರಮದಲ್ಲೂ ಅದೇ ಎತ್ತರದಲ್ಲಿ ಹಾಡು ಎಂದು ಕೂಗತೊಡಗಿದರು.

ದಾದಾಪೀರನಿಗೆ ಹೆದರಿಕೆಯಾಯಿತು. ನನ್ನನ್ನು ಎಲಿಯಾನ ಮನೆಗೆ ಒಯ್ದ. ಎಲಿಯಾ ಅರ್ಧ ಕೇಳಿ ನಿಲ್ಲಿಸಿದ.

"ಶ್ರುತಿ ಇಳಸ್ರೋ. ಗಂಟ್ಲ ಹರೀತೈತಿ."

"ನೀನ ಬಂದು ಹೇಳು."

"ನಾ ಹೇಳಿದ್ರ ಇನ್ನಷ್ಟು ಏರಸ್ತಾನ."

ಅವನು ಬರಲಿಲ್ಲ. ದಾದಾಪೀರ್ ಮಾತು ಮುಟ್ಟಿಸಿ, ನನ್ನನ್ನು ವಿರೂಪಾಕ್ಷನ ಕೈಗಿತ್ತ. "ಅಂವಗ ಹೊಟ್ಟಿಕಿಚ್ಚು" ಎಂದು ವಿರೂಪಾಕ್ಷ ನನ್ನನ್ನು ಚೀಲಕ್ಕೆ ಹಾಕಿಕೊಂಡ.

ಗದಗಿನ ಕಾಲೇಜೊಂದರ ವೇದಿಕೆಯಲ್ಲಿ ಹಾಡು ಮೇಲಕ್ಕೇರುವಾಗ ದನಿ ನಿಂತಿತು. ಬಾಯಿ ತೆರೆದೇ ಇತ್ತು. ಜನ ಮೈಕು ಕೆಟ್ಟಿತೆಂದು ಮೈಕಿನವನನ್ನು ಬೈದರು. ವಿರೂಪಾಕ್ಷ ಉಗುಳಿದಾಗ ರಕ್ತ ಬಂತು. ಆಪರೇಷನ್ ಆಯಿತು. ಉಳಿದದ್ದು ಪಿಸುಮಾತು. ಹಾಡುವವನಿಲ್ಲದ ಬ್ಯಾಂಡನ್ನು ಯಾರೂ ಕರೆಯಲಿಲ್ಲ. ದಾದಾಪೀರ್ ಮದುವೆ ಮೆರವಣಿಗೆಗಳಲ್ಲಿ ಬಾರಿಸತೊಡಗಿದ.

ಈಗ ನಾನು ಮಾಳಿಗೆಯ ಮೇಲೆ ದಾರದಲ್ಲಿ ನೇತಾಡುತ್ತೇನೆ. ಕೆಳಗೆ ಸಂಡಿಗೆ ಒಣಗುತ್ತವೆ. ನನ್ನ ಹೊಳಪಿಗೆ ಕಾಗೆ ಬೆದರಲೆಂದು ವಿರೂಪಾಕ್ಷನ ಹೆಂಡತಿ ಕಟ್ಟಿದ್ದಾಳೆ. ಬಿಸಿಲಿಗೆ ಹೊಳಪು ಸುಲಿಯುತ್ತಿದೆ, ಕಾಗೆಗಳು ಹೆದರುವುದಿಲ್ಲ. ವಿರೂಪಾಕ್ಷ ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಿ ಓಡಿಸುತ್ತಾನೆ. ಕಾಗೆಗೆ ಕೇಳುವಷ್ಟು ಜೋರಾಗಿ ಹುಶ್ ಎನ್ನಲೂ ಆಗುವುದಿಲ್ಲ. ಎಲಿಯಾ ಇದೇ ಊರಿನಲ್ಲಿದ್ದಾನೆ. ಇವನು ಹೋಗಿಲ್ಲ, ಅವನು ಬಂದಿಲ್ಲ.

ಹೋದದ್ದು ಒಬ್ಬ ಗೆಳೆಯ, ಒಂದು ಬ್ಯಾಂಡ್, ಒಂದು ದನಿ.