ಬೆಕ್ಕು ಸತ್ತಾಗಿನ ರಾಗ

ಕೈಗವಸು ತೊಟ್ಟ ನೌಕರ ಶವಪೆಟ್ಟಿಗೆಯ ಹೂಗಳ ನಡುವೆ ಕೈಯಾಡಿಸಿ, ಮಿನೆಕೊಳ ಮೊಣಕೈ ಪಕ್ಕದಿಂದ ಬೂದುಬಣ್ಣದ ಕ್ಯಾಸೆಟ್ಟೊಂದನ್ನು ಹೊರತೆಗೆದ. ಹಳೆಯ ಟಿವಿ ಗೇಮಿನದು. ಅದರ ಮೇಲೆ ಬಾವಿಗೆ ಹಾರುತ್ತಿರುವ ಬೆಕ್ಕಿನ ಚಿತ್ರವಿತ್ತು.

"ಇದನ್ನ ಇಡೋ ಹಾಗಿಲ್ಲಮ್ಮ. ಪ್ಲಾಸ್ಟಿಕ್ ಕರಗಿದ್ರೆ ಎಲುಬಿಗೆ ಕಲೆ ಹಿಡಿಯುತ್ತೆ. ಆಮೇಲೆ ಬೂದಿಯಿಂದ ಅದನ್ನ ಆರಿಸ್ಬೇಕಾದೋರು ನೀವೇ ಅಲ್ವಾ," ಎಂದು ಮಗಳು ಚಿಹಾರುವಿನ ಕೈಗಿಟ್ಟ.

"ಅದು ಅಮ್ಮ ಮಾಡಿದ ಹಾಡು," ಎಂದಳು ಚಿಹಾರು.

"ಅದರ ಮೇಲೆ ಅವಳ ಹೆಸರೆಲ್ಲಿದೆ?" ಎಂದಳು ದೊಡ್ಡಮ್ಮ ಫುಸಾಯೆ. "ಮದುವೆಗೆ ಮುಂಚೆ ಎರಡು ವರ್ಷ ಏನೋ ಟಿಕಿಟಿಕಿ ಮಾಡಿದ್ಲು. ಆಮೇಲೆ ಜೀವ ಇರೋವರೆಗೂ ಸೂಪರ್‌ಮಾರ್ಕೆಟ್ಟಲ್ಲಿ ಆಲೂಗಡ್ಡೆ ಕೊರೊಕ್ಕೆ ಕರಿದ್ಲು. ಅದನ್ನಾದ್ರೂ ಈ ಸಾಕಾಯಿ ಊರಿನೋರೆಲ್ಲ ತಿಂದಿದಾರೆ. ಬೇಕಾದ್ರೆ ಎರಡು ಕೊರೊಕ್ಕೆ ಇಡು, ಕಲೆ ಆಗಲ್ಲ." ಹಾಗಂದವಳೇ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು.

ಮಿನೆಕೊ ಆ ಕರಿಯುವ ಬಾಣಲೆಯ ಮುಂದೆಯೇ ಕುಸಿದಿದ್ದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೇಳುವುದಿದ್ದದ್ದೆಲ್ಲ ಚಿಹಾರುವಿನ ಬಾಯಲ್ಲೇ ಉಳಿದಿತ್ತು. ಆ ಆಟದಲ್ಲಿ ಅಮ್ಮನ ರಾಗ ಯಾವುದು ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಬೇರೆ ಕಂಪನಿಯವರು ಜನರನ್ನು ಸೆಳೆದುಕೊಂಡಾರೆಂದು ಆಗ ಆಟ ಮಾಡಿದ ಯಾರ ಹೆಸರನ್ನೂ ಹಾಕುತ್ತಿರಲಿಲ್ಲ. ಅಮ್ಮ ಬೆಂಕಿಗೆ ಹೋಗುವ ಮುನ್ನ ಅದನ್ನೊಮ್ಮೆ ಕೇಳಿಸಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಕೊರೊಕ್ಕೆ ಕರಿದವಳು ಎಂದಷ್ಟೇ ಅಮ್ಮನನ್ನು ಕಳಿಸಲು ಅವಳಿಗೆ ಮನಸ್ಸಿರಲಿಲ್ಲ.

ಹಿಂದಿನ ಸಾಲಿನಲ್ಲಿ ಕಪ್ಪು ಕೋಟಿನ ಮುದುಕನೊಬ್ಬ ಕೂತಿದ್ದ. ಹೆಸರು ಓಗಾತಾ, ಆ ಬೆಕ್ಕಿನ ಆಟದ ಪ್ರೋಗ್ರಾಂ ಬರೆದವನು. ಚಿಹಾರು ಅವನ ಹತ್ತಿರ ಹೋದಳು.

"ಓಗಾತಾ-ಸಾನ್, ಬೆಕ್ಕು ನೀರಲ್ಲಿದ್ದಾಗ ಬರೋ ರಾಗ ಅಮ್ಮಂದು ತಾನೆ? ಅದು ಎಲ್ಲರಿಗೂ ಇಷ್ಟ."

"ಅಲ್ಲಮ್ಮ. ಅದು ಬೇರೆಯೋರದು."

"ಹಾಗಾದ್ರೆ ಗೋಡೆ ಹತ್ತುವಾಗಿಂದು?"

"ಅದೂ ಅಲ್ಲ." ಓಗಾತಾ ಬೂಟಿನ ತುದಿ ನೋಡಿದ. "ಇವತ್ತು ಬೇಡ. ಇನ್ನೊಂದಿನ ಹೇಳ್ತೀನಿ."

"ಇನ್ನೊಂದಿನ ಕೇಳೋಕೆ ಅಮ್ಮ ಇರಲ್ಲ."

ಅಷ್ಟರಲ್ಲಿ ಪೆಟ್ಟಿಗೆಯ ಮುಚ್ಚಳ ಹಾಕಿದರು.

*

ಮದುವೆಗೆ ಎರಡು ವರ್ಷ ಮುಂಚೆ, ಸಂಗೀತ ಕಾಲೇಜಿನಿಂದ ಬಂದ ಮಿನೆಕೊ ಮೊದಲ ದಿನ ಗೇಮ್ ಕಂಪನಿಯ ಕೋಣೆಯಲ್ಲೆಲ್ಲ ಪಿಯಾನೊ ಹುಡುಕಿದ್ದಳು. ಅಲ್ಲಿದ್ದದ್ದು ಕಂಪ್ಯೂಟರು, ಒಂದು ಟಿವಿ, ಸಿಗರೇಟಿನ ಬೂದಿ. ಸ್ವರ ಎಷ್ಟು ಎತ್ತರ, ಎಷ್ಟು ಹೊತ್ತು, ಎಷ್ಟು ಜೋರು ಎಂಬುದನ್ನೆಲ್ಲ ಅಂಕಿ-ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಅದನ್ನು ಮೆಮೊರಿ ಚಿಪ್‌ಗೆ ಇಳಿಸಿ, ಚಿಪ್ಪನ್ನು ಸರ್ಕ್ಯೂಟಿನ ಹಲಗೆಗೆ ಚುಚ್ಚಿ, ಟಿವಿಯಲ್ಲಿ ಕೇಳಬೇಕು. ಒಂದು ಸ್ವರ ತಪ್ಪಿದರೂ ಚಿಪ್ಪನ್ನು ನೇರಳೆ ದೀಪದ ಡಬ್ಬಿಯೊಳಗೆ ಮಲಗಿಸಿ, ಬರೆದದ್ದು ಅಳಿಸಿಹೋಗುವವರೆಗೆ ಕಾದು, ಮತ್ತೆ ಮೊದಲಿಂದ ಶುರುಮಾಡಬೇಕು. ಯಂತ್ರಕ್ಕಿದ್ದದ್ದು ಮೂರು ದನಿ, ಜೊತೆಗೆ ಬುಸ್ಸೆನ್ನುವ ಒಂದು ಗದ್ದಲ. ಬೆಕ್ಕು ಹಾರಿದಾಗಲೆಲ್ಲ ಹಾರಿದ ಸದ್ದು ಒಂದು ದನಿಯನ್ನು ಕಿತ್ತುಕೊಳ್ಳುತ್ತಿತ್ತು. ಅಷ್ಟು ಹೊತ್ತು ರಾಗ ಕುಂಟುತ್ತಿತ್ತು.

ದೊಡ್ಡ ರಾಗಗಳೆಲ್ಲ ಇಬ್ಬರು ಗಂಡಸರ ಪಾಲಾದವು. ಕೊನೆಗೆ ಚಿಪ್ಪಿನಲ್ಲಿ ಉಳಿದದ್ದು ಚೂರು ಜಾಗ.

"ಬೆಕ್ಕು ಸಾಯೋದನ್ನ ನೀನು ಮಾಡು," ಎಂದ ಮೇಲಧಿಕಾರಿ. "ಹೆಂಗಸರಿಗೆ ಅಳೋದು ಚೆನ್ನಾಗಿ ಬರುತ್ತೆ."

ಮಿನೆಕೊ ಅಳುವ ರಾಗವನ್ನೇ ಮಾಡಿಕೊಟ್ಟಳು. ಆಡಿನೋಡಲು ಕರೆಸಿದ್ದ ಶಾಲೆಯ ಮಕ್ಕಳು ಅದು ಮುಗಿಯುತ್ತಲೇ ಎದ್ದು ಚಪ್ಪಲಿ ಹುಡುಕಿದರು. ಅವಳು ಊಟ ಬಿಟ್ಟು ಚಿಪ್ಪನ್ನು ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು. ಒಂದು ಸಂಜೆ ಓಗಾತಾನಿಗೆ ಕೇಳಿಸಿದಳು. ರಾಗ ಮೆಟ್ಟಿಲಿಳಿದಂತೆ ಇಳಿದು, ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ನಿಂತುಬಿಟ್ಟಿತು.

"ಕೊನೇ ಸ್ವರ ಬಿಟ್ಟುಹೋಗಿದೆ," ಎಂದ ಓಗಾತಾ.

"ಬಿಟ್ಟಿದ್ದೇ ನಾನು. ಮುಗಿಸಿಬಿಟ್ರೆ ಮಗು ಎದ್ದು ಹೋಗುತ್ತೆ. ಮುಗಿಸ್ದೆ ಬಿಟ್ರೆ ಅದಕ್ಕೆ ತಡೆಯೋಕಾಗಲ್ಲ, ಬಟನ್ ಒತ್ತುತ್ತೆ. ಬೆಕ್ಕು ಮತ್ತೆ ಏಳುತ್ತೆ."

ಮುಂದಿನ ವಸಂತದಲ್ಲಿ ಅವಳ ಮದುವೆಯಾಯಿತು. ಮದುವೆಯಾದ ಹೆಂಗಸನ್ನು ಕಂಪನಿ ಇಟ್ಟುಕೊಳ್ಳುತ್ತಿರಲಿಲ್ಲ.

*

ಚಿತಾಗಾರದಲ್ಲಿ ಭಿಕ್ಷು ಮಂತ್ರ ಮುಗಿಸಿದ. ಒಲೆಯ ಉಕ್ಕಿನ ಬಾಗಿಲು ತೆರೆದಿತ್ತು. ಓಗಾತಾ ತಾನಾಗಿಯೇ ಬಂದು ಚಿಹಾರುವಿನ ಪಕ್ಕ ನಿಂತ.

"ಬೆಕ್ಕು ಸತ್ತಾಗ ಬರುತ್ತಲ್ಲ, ಅದು," ಎಂದ. "ನಿಮ್ಮಮ್ಮ ಮಾಡಿದ್ದು ಅದೊಂದೇ." ಮೇಲಧಿಕಾರಿ ಅಂದದ್ದು, ಮಿನೆಕೊ ಅಂದದ್ದು, ಎರಡನ್ನೂ ಹೇಳಿದ.

ಫುಸಾಯೆಯ ಕಿವಿಗೂ ಬಿತ್ತು. "ಹೆಣದ ಮುಂದೆ ಅದನ್ನ ಹಾಕ್ತೀಯಾ? ನನ್ನ ಮಕ್ಕಳು ಆ ಸದ್ದು ಬಂದಾಗೆಲ್ಲ ಟಿವಿಗೆ ಒದೀತಿದ್ರು. ಮರ್ಯಾದೆ ಬೇಡ್ವಾ ಅವಳಿಗೆ?"

ಚಿಹಾರುವಿಗೆ ಅಡಿಗೆಮನೆ ನೆನಪಾಯಿತು. ಬೇರೆಯವರ ತಾಯಂದಿರು ಆಟ ನಿಲ್ಲಿಸು ಎಂದು ಕಿರುಚುತ್ತಿದ್ದರು. ಅವಳ ಅಮ್ಮ ಮಾತ್ರ, ಆಟದಲ್ಲಿ ಬೆಕ್ಕು ಸತ್ತಾಗ, ಮೂಲಂಗಿ ಹೆಚ್ಚುವುದನ್ನು ನಿಲ್ಲಿಸಿ ಕಾಯುತ್ತಿದ್ದಳು. ಮಗಳು ಬಟನ್ ಒತ್ತಿದ ಮೇಲೆಯೇ ಚಾಕುವಿನ ಸದ್ದು ಮತ್ತೆ ಶುರುವಾಗುತ್ತಿತ್ತು. ಅಮ್ಮ ಒಂದು ಮಾತು ಹೇಳಬಹುದಿತ್ತು ಎಂದು ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು.

"ಹಾಕ್ತೀನಿ ದೊಡ್ಡಮ್ಮ," ಎಂದಳು, ಮೊಬೈಲಿನಲ್ಲಿ ಆ ಆಟದ ರಾಗ ಹುಡುಕುತ್ತ.

ಪೆಟ್ಟಿಗೆ ಒಳಗೆ ಸರಿಯಿತು. ಮೊಬೈಲಿನಲ್ಲಿ ಆ ಪುಟ್ಟ ರಾಗ ಇಳಿಯುತ್ತ ಇಳಿಯುತ್ತ ಬಂದು, ನೆಲ ಮುಟ್ಟದೆ ನಿಂತಿತು. ಬಾಗಿಲು ಮುಚ್ಚಿತು. ತಲೆ ತಗ್ಗಿಸಿದ್ದವರು ಇನ್ನೂ ಏನೋ ಇದೆಯೆಂದು ಹಾಗೆಯೇ ನಿಂತಿದ್ದರು.

ನೌಕರ ಗೋಡೆಯತ್ತ ಕೈ ತೋರಿಸಿದ. ಬೆಂಕಿ ಹೊತ್ತಿಸುವ ಬಟನ್ನು ಅಲ್ಲಿತ್ತು. ಮನೆಯವರೇ ಒತ್ತುವುದು ಆ ಚಿತಾಗಾರದ ಪದ್ಧತಿ.

"ನಂಗಾಗಲ್ಲ," ಎಂದಳು ಚಿಹಾರು.

ಬಹಳ ಹೊತ್ತಾದ ಮೇಲೆ ಚಿಹಾರು ಕೈ ಚಾಚಿದಳು. ಎಲ್ಲರೂ ತೋರುಬೆರಳಿನಿಂದ ಒತ್ತುತ್ತಾರೆ. ಅವಳು, ಚಿಕ್ಕಂದಿನಲ್ಲಿ ಆಟದ ಬಟನ್ ಒತ್ತುತ್ತಿದ್ದ ಹಾಗೆ, ಹೆಬ್ಬೆರಳಿನಿಂದ ಒತ್ತಿದಳು. ಗೋಡೆಯ ಆಚೆ ಬುಸ್ಸೆಂದು ಬೆಂಕಿ ಎದ್ದಿತು. ಅವಳು ಮತ್ತೆ ಒತ್ತಿದಳು. ಮತ್ತೊಮ್ಮೆ ಒತ್ತಿದಳು.

"ಒಂದ್ಸಲ ಸಾಕಮ್ಮ," ಎಂದ ನೌಕರ ಮೆತ್ತಗೆ.

ಹೆಬ್ಬೆರಳು ಒತ್ತುತ್ತಲೇ ಇತ್ತು.