ಮಾತಾಡಲಾಗದವರಿಗೊಂದು ಕಾಗದ

ಒಂದು ದ್ವೀಪದಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣ ಗೆಣಸು ಬೆಳೆಯುತ್ತಿದ್ದ, ತಂಗಿ ದಿನಚರಿ ಬರೆಯುತ್ತಿದ್ದಳು. ಅಜ್ಜಿಯರು ಹೇಳುವ ಕತೆಯಾಗಿದ್ದರೆ ಇಬ್ಬರ ನಡುವೆ ಏಳು ಸಮುದ್ರ ಇರುತ್ತಿದ್ದವು, ಒಬ್ಬ ರಾಕ್ಷಸ ಕಾವಲಿರುತ್ತಿದ್ದ. ಇಲ್ಲಿ ಇದ್ದದ್ದು ಒಂದು ಹೊಸಿಲು ಮಾತ್ರ.

ಈಗ ತಂಗಿ ಸಿಯಾಲೆಯ ಹೆಣ ಹೊಸಿಲೊಳಗೆ ಚಾಪೆಗಳ ಮೇಲಿತ್ತು. ಅಣ್ಣ ಮಾನಾಸೇ ಹೊರಗೆ, ಕಿಟಕಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಗುಂಡಿಯೊಳಗಿನ ಕಾದ ಕಲ್ಲುಗಳ ಮೇಲೆ ಬೇಯುತ್ತಿದ್ದ ಸಾವಿನೂಟದ ಬಾಳೆಎಲೆ ಸರಿಸುತ್ತಿದ್ದ. ಟೋಂಗಾದಲ್ಲಿ ತಂಗಿಯಿರುವ ಕೋಣೆಗೆ ಅಣ್ಣ ಕಾಲಿಡುವುದಿಲ್ಲ. ಸತ್ತ ಮೇಲೂ.

"ಆ ಕೈ ಒಳಗೆ ಸೇರಿಸೇ, ಚೆನ್ನಾಗಿ ಕಾಣಲ್ಲ," ಎಂದಳು ಪಕ್ಕದ ಮನೆಯ ಅಕೆಸಾ.

ಮಗಳು ಲೋಸೇ ಅವ್ವನ ಬಲಗೈಯನ್ನು ತೊಗಟೆಬಟ್ಟೆಯ ಮಡಿಕೆಯೊಳಗೆ ಸೇರಿಸಿದಳು. ಅಂಗೈ ತುಂಬ ಹಳೆಯ ಸುಟ್ಟ ಕಲೆ, ಗೆರೆಗಳೇ ಇಲ್ಲದೆ ನುಣ್ಣಗೆ. ಕೇಳಿದಾಗಲೆಲ್ಲ ಅವ್ವ "ಚಿಕ್ಕವಳಿದ್ದಾಗ ಆದದ್ದು" ಎಂದು ಬೇರೆ ಮಾತಿಗೆ ಹೋಗುತ್ತಿದ್ದಳು.

ಹೆಣದ ತಲೆಯ ಬಳಿ ಪಿಸೀಲಾ ಅಜ್ಜಿ ಕುಳಿತಿದ್ದಳು. ಸಿಯಾಲೆಗೆ ಅವಳು ಸೋದರತ್ತೆ, ಮತ್ತು ಸಾವಿನ ಮನೆಗೆ ಸೋದರತ್ತೆಯೇ ಒಡತಿ. ಬಂದ ಚಾಪೆ, ಬಟ್ಟೆ, ಸತ್ತವಳ ಸಾಮಾನು, ಅತ್ತೆ ಕೈಯಿಟ್ಟದ್ದೆಲ್ಲ ಅವಳದು. ಎಂಬತ್ತಾರರ ಕಣ್ಣಿಗೆ ಪೊರೆ ಬಂದಿತ್ತು, ಕೈಗೆ ಬಂದಿರಲಿಲ್ಲ.

"ಆ ಬಿಸ್ಕತ್ತಿನ ಡಬ್ಬಿ ಇತ್ತ ತಾ," ಎಂದಳು.

"ಅದರಲ್ಲಿ ಅವ್ವನ ನೋಟ್‌ಬುಕ್ಕುಗಳು ಅಜ್ಜೀ. ಬೇರೇನಿಲ್ಲ."

"ಅದಕ್ಕೇ ಕೇಳಿದ್ದು. ತಲೆ ಕೆಳಗಿಟ್ಟು ಹೂಳಿಬಿಡೋಣ. ಮನೆ ಮಾತು ಅವಳ ಜೊತೆಗೇ ಹೋಗಲಿ."

ಲೋಸೇ ಡಬ್ಬಿಯನ್ನು ಬಿಡಲಿಲ್ಲ. ಮೂರು ಗಂಟೆಗೆ ಚರ್ಚಿನ ಗಂಟೆ, ಆಮೇಲೆ ಮಣ್ಣು.

"ಇನ್ನೂ ಬರೀತಿದ್ದಳಾ?" ಅಕೆಸಾ ಕೇಳಿದಳು. "ಆ ಟೀಚರಮ್ಮ ನನಗೂ ಒಂದು ಕೊಟ್ಟಿದ್ದಳು. 'ಇಂದು ನಿಮ್ಮನ್ನು ನಗಿಸಿದ್ದು ಏನು' ಅಂತ ಬರೀಬೇಕಂತೆ. ನನ್ನ ಗಂಡ ಅಂತ ಬರೆದೆ. ಮಾರನೇ ದಿನ ನೋಡಿದ್ರೆ ಉತ್ತರ ಅದೇ. ಮೂರನೇ ದಿನ ಒಲೆಗೆ ಹಾಕಿದೆ."

ಸುತ್ತ ಕುಳಿತ ಹೆಂಗಸರು ಬಾಯಿಗೆ ಬಟ್ಟೆ ಒತ್ತಿಕೊಂಡರು.

* * *

ಪಟ್ಟಣದಿಂದ ಬಂದ ಟೀಚರು ಊರ ಹೆಂಗಸರಿಗೆ ದಿನಚರಿ ಬರೆಯಲೆಂದು ಕೊಟ್ಟ ಪ್ರತಿ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಒಂದು ಪಟ್ಟಿ ಅಂಟಿಸಿದ್ದಳು. ಏನು ಬರೆಯಲಿ ಅನ್ನುವವರಿಗಾಗಿ. ಇಂದು ಕಂಡ ಬಣ್ಣ. ನಿಮ್ಮ ಕೈ ಮಾಡಿದ ಕೆಲಸ. ಕೇಳಿದ ಸುಳ್ಳು. ಕೊನೆಯಲ್ಲಿ, ಮಾತಾಡಲಾಗದವರಿಗೊಂದು ಕಾಗದ.

ಸಿಯಾಲೆ ಹದಿನೇಳು ವರ್ಷ ಆ ಪಟ್ಟಿಯ ಸರದಿ ತಪ್ಪಿಸಲಿಲ್ಲ. ಕೊನೆಯದರ ಸರದಿ ಬಂದಾಗ ಮಾತ್ರ "ಇವತ್ತಾಗಲಿಲ್ಲ" ಎಂದು ಒಂದೇ ಸಾಲು ಬರೆದು ಮುಚ್ಚುತ್ತಿದ್ದಳು.

ಕಳೆದ ವಾರ ಆಸ್ಪತ್ರೆಯ ಮಂಚದ ಮೇಲೆ ಅದನ್ನು ಬರೆದಳು.

"ಇದನ್ನ ನಿನ್ನ ಮಾವನಿಗೆ ಓದಿ ಹೇಳಬೇಕು. ನಾನು ಮಣ್ಣಿಗೆ ಹೋಗೋದರೊಳಗೆ."

"ಮಾವನ ಕೈಗೇ ಕೊಡ್ತೀನಿ ಬಿಡವ್ವ."

"ಕೈಗೆ ಕೊಟ್ಟರೆ ಓದಲ್ಲ ಅವನು. ತಂಗಿ ಕಾಗದ, ಗೌರವ ಅಂತ ಮಡಚಿ ಬೈಬಲ್ಲಿನೊಳಗೆ ಇಡ್ತಾನೆ. ಕಿವಿಗೇ ಬೀಳಬೇಕು. ಮಾತು ಕೊಡು."

ಲೋಸೇ ಕೊಟ್ಟಳು.

* * *

ಬೆಳಿಗ್ಗೆಯಿಂದ ಎರಡು ಸಲ ಲೋಸೇ ಮಾವನ ಹತ್ತಿರ ಹೋಗಿದ್ದಳು. "ಅವ್ವ ನಿಮಗೊಂದು ಕಾಗದ ಬರೆದಿದ್ದಾಳೆ ಮಾವ."

"ಆಮೇಲಮ್ಮ. ಕಲ್ಲು ಕಾಯ್ತಿದೆ."

ಎರಡನೇ ಸಲ ಮಾನಾಸೇ ಗುಂಡಿಯ ಆಚೆ ಬದಿಗೆ ಹೋಗಿ ನಿಂತುಬಿಟ್ಟಿದ್ದ.

ಈಗ ಪಿಸೀಲಾ ಅಜ್ಜಿ ಡಬ್ಬಿಯ ಮೇಲೆ ಬೆರಳು ಬಡಿಯುತ್ತಿದ್ದಳು. ಮುಚ್ಚಳ ತೆಗೆಸಿದಳು. "ಹೂಳೋ ಮುಂಚೆ ಒಂದಿಷ್ಟು ಓದು. ಏನು ಬರ್ಕೊಂಡಿದ್ದಾಳೋ ಕೇಳೋಣ."

ಲೋಸೇ ಕೈಗೆ ಬಂದ ಪುಟ ಓದಿದಳು. "ಇಂದು ಕಂಡ ಬಣ್ಣ. ಗೋಡೆಯ ಮೇಲಿನ ಹಲ್ಲಿಯ ಹೊಟ್ಟೆ. ಹಾಲಿನಂತೆ, ಒಳಗೊಂದು ಮೊಟ್ಟೆಯ ನೆರಳು."

"ಹಲ್ಲಿಯಾ? ಹನ್ನೊಂದು ವರ್ಷ ನನ್ನ ಮನೇಲಿ ಉಂಡವಳು. ನನ್ನ ಹೆಸರಿರೋದು ಓದು."

ಲೋಸೇ ಅಜ್ಜಿಯ ಮುಖ ನೋಡಿದಳು. ಆಮೇಲೆ ಕಿಟಕಿಯನ್ನು.

"ಇಲ್ಲಿ ಬೆಳಕು ಸಾಲದು ಅಜ್ಜೀ," ಎಂದು ಎದ್ದಳು. ಕಿಟಕಿಯ ಗಾಜಿನ ಪಟ್ಟಿಗಳನ್ನು ಪೂರ್ತಿ ತೆರೆದಳು. ಹೊಗೆ ಒಳಗೆ ಬಂತು. ಕೊನೆಯ ನೋಟ್‌ಬುಕ್ಕಿನ ಕೊನೆಯ ಬರಹವನ್ನು, ಹಿತ್ತಿಲಿಗೆ ಕೇಳುವಷ್ಟು ಗಟ್ಟಿಯಾಗಿ ಓದತೊಡಗಿದಳು.

"ಅಣ್ಣಾ, ಹದಿಮೂರಕ್ಕೆ ನನ್ನನ್ನು ಪಿಸೀಲಾ ಅತ್ತೆಯ ಮನೆಗೆ ಬೆಳೆಯಲು ಕಳಿಸಿದರು."

"ಹ್ಞಾ, ಅದೇ," ಎಂದಳು ಅಜ್ಜಿ.

"ಪ್ರತಿ ಶನಿವಾರ ನೀನು ಅತ್ತೆಗೆ ಗೆಣಸು ತರುತ್ತಿದ್ದೆ. ನಾನಿದ್ದರೆ ಬುಟ್ಟಿಯನ್ನು ಹೊಸಿಲಾಚೆ ಇಟ್ಟು ಮುಖ ತಿರುಗಿಸುತ್ತಿದ್ದೆ. ತಂಗಿಗೆ ಎಷ್ಟು ಗೌರವ ಕೊಡ್ತಾನೆ ಅಂತ ಊರೇ ಹೊಗಳಿತು."

ಹೊರಗೆ ಕಲ್ಲು ಸರಿಸುತ್ತಿದ್ದ ಇಕ್ಕಳದ ಸದ್ದು ನಿಂತಿತು.

"ಒಂದು ಶನಿವಾರ ಅಡುಗೆ ತಡವಾಯಿತೆಂದು ಅತ್ತೆ ಗುಂಡಿಯ ಕಲ್ಲನ್ನು ನನ್ನ ಬರಿಗೈಯಲ್ಲಿ ಎತ್ತಿಸಿದ್ದಳು. ನೀನು ಬರುವ ಹೊತ್ತಿಗೆ ನಾನು ಬಾಗಿಲಲ್ಲೇ ನಿಂತೆ. ಕೈ ಚಾಚಿ ನಿಂತೆ. ನೀನು ನೋಡಿದೆ."

ಅಕೆಸಾ ನೆಲ ನೋಡಿದಳು.

"ಅಷ್ಟೇನೂ ಕಾದಿರಲಿಲ್ಲ ಆ ಕಲ್ಲು," ಎಂದಳು ಪಿಸೀಲಾ ಅಜ್ಜಿ. "ಸಾಕು. ಮುಚ್ಚು."

ಲೋಸೇ ಕಿಟಕಿಗೆ ಇನ್ನೂ ಹತ್ತಿರ ಸರಿದಳು. ಓದು ನಿಲ್ಲಿಸಲಿಲ್ಲ.

"ನೋಡಿಯೂ ನೀನು ಬುಟ್ಟಿ ಇಟ್ಟು, ಮುಖ ತಿರುಗಿಸಿದೆ. ಆಮೇಲೂ ಎಷ್ಟೋ ಶನಿವಾರ ಬಂದೆ. ಒಂದೇ ಒಂದು ಸಲ ನನಗೆ ಅಗೌರವ ಮಾಡುತ್ತೀಯ ಅಂತ ಕಾದೆ, ಅಣ್ಣಾ."

ಅಷ್ಟೇ ಇತ್ತು. ಚರ್ಚಿನ ಗಂಟೆ ಹೊಡೆಯಿತು.

ಬಾಗಿಲಲ್ಲಿ ನೆರಳು ಬಿತ್ತು. ಸೊಂಟಕ್ಕೆ ಸೂತಕದ ಹರಕು ಚಾಪೆ ಸುತ್ತಿದ್ದ ಮಾನಾಸೇ, ಒಡತಿಗೆ ಸಲ್ಲಬೇಕಾದ ಮೊದಲ ಬುಟ್ಟಿ ಹಿಡಿದು ನಿಂತಿದ್ದ. ಎಲೆಯ ಸಂದಿಯಿಂದ ಆವಿ ಏಳುತ್ತಿತ್ತು. ಅವನ ಬಾಯಿ ತೆರೆಯಿತು. ಲೋಸೇ ಕಾದಳು.

ಅವನು ಬಗ್ಗಿ ಬುಟ್ಟಿಯನ್ನು ಹೊಸಿಲಾಚೆ ಇಟ್ಟು, ಮುಖ ತಿರುಗಿಸಿದ.

ಲೋಸೇ ಅವ್ವನ ತಲೆಯೆತ್ತಿ ನೋಟ್‌ಬುಕ್ಕನ್ನು ತಲೆಯಡಿ ಇಟ್ಟಳು. ಆಮೇಲೆ ಮಡಿಕೆಯೊಳಗಿನ ಬಲಗೈಯನ್ನು ಹೊರಗೆ ತೆಗೆದು, ಅಂಗೈ ಮೇಲಾಗಿ, ಬಾಗಿಲಲ್ಲಿದ್ದ ಆ ಬೆನ್ನಿನ ಕಡೆಗೆ ಚಾಚಿಟ್ಟಳು.