ಮಧ್ಯದಲ್ಲಿ ಹತ್ತು ನಿಮಿಷ

"ಮದುವೆಗೆ ಹೋದಾಗ ನಿಮಗೆ ತುಂಬಾ ಕಾಟ ಕೊಡೋದು ಯಾವುದು? ಸಂಕೋಚ ಬಿಟ್ಟು ಹೇಳಿ," ಎಂದು ಡ್ರೈವರು ಫೋನಿನಲ್ಲಿ ಕೇಳಿದರು.

"ನಿನ್ನಂಥ ನೆಂಟರು!" ಎಂದು ಹೆಂಡತಿಯ ಸೋದರಮಾವ ಆ ಕಡೆಯಿಂದ ಗಹಗಹಿಸಿದರು. ಡ್ರೈವರು ಅದನ್ನೂ ಬರೆದುಕೊಂಡರು.

ಇಪ್ಪತ್ತೆಂಟು ವರ್ಷ ದೂರದ ಊರುಗಳಿಗೆ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ. ಮಗಳ ಮದುವೆ ಗೊತ್ತಾದ ದಿನದಿಂದ ಕರೆದವರಿಗೆಲ್ಲ ಫೋನು ಹಚ್ಚಿ ಇದೇ ಪ್ರಶ್ನೆ. ಒಬ್ಬರಿಗೆ ಸ್ಪೀಕರಿನ ಸದ್ದು ಆಗದು. ಇನ್ನೊಬ್ಬರಿಗೆ ಕುರ್ಚಿ ತಗ್ಗಾದರೆ ಮಂಡಿ ಏಳಗೊಡುವುದಿಲ್ಲ. ಹೆಂಡತಿ ತೀರಿಕೊಂಡ ಹಳೆಯ ಗೆಳೆಯನೊಬ್ಬ ಮಾತ್ರ, "ಗುರುತಿರೋರು ಪಕ್ಕದಲ್ಲಿದ್ರೆ ಸಾಕು ಕಣೋ," ಅಂದ.

"ಜನ ನಗ್ತಾರೆ ಅಪ್ಪಾ," ಎಂದಳು ಮಗಳು.

"ನಗ್ಲಿ ಬಿಡು. ಮದುವೆಗೆ ಬರೋದೇ ಅದಕ್ಕೆ ತಾನೆ?"

ಪಟ್ಟಿಯಲ್ಲಿ ಖಾಲಿ ಉಳಿದದ್ದು ಒಂದೇ ಸಾಲು, ಹುಡುಗನ ತಾಯಿಯದು. ಬಟ್ಟೆ ಹೊಲಿದು ಒಬ್ಬರೇ ಮಗನನ್ನು ಸಾಕಿದಾಕೆ. "ನಾನು ಬರಲ್ಲ ಬೀಗರೇ, ಮನೇಲೇ ಕೂತು ಹರಸ್ತೀನಿ," ಎಂದು ಫೋನಿಟ್ಟಿದ್ದರು.

ಮಗಳ ಮುಖ ಬಾಡಿತು. "ನಾನು ಅವರಿಗೆ ಹಿಡಿಸಿಲ್ಲ. ಅವನೂ ಕೇಳಿ ಕೇಳಿ ಸೋತ. ಹೆತ್ತತಾಯಿ ಬರದೇ ಇರೋ ಮದುವೆ ನನಗೆ ಬೇಡ ಅಪ್ಪಾ."

ಡ್ರೈವರಿಗೆ ಬೇರೆಯೇ ಹುಳ ಕೊರೆಯುತ್ತಿತ್ತು. ಫೋನಿಡುವ ಮುಂಚೆ ಆಕೆ ಒಂದು ಮಾತು ಕೇಳಿದ್ದರು: "ಒಂದೇ ಸಮ ಎಷ್ಟು ಹೊತ್ತು ಕೂರಬೇಕಾಗತ್ತೆ?" ಬರುವುದೇ ಇಲ್ಲ ಎನ್ನುವವರಿಗೆ ಅದರ ಗೊಡವೆ ಯಾಕೆ?

ಮರುದಿನ ಹೊಸ ಅಂಗಿಯ ತೋಳು ಉದ್ದವಾಯಿತೆಂಬ ನೆಪ ಮಾಡಿಕೊಂಡು ಆಕೆಯ ಹೊಲಿಗೆ ಅಂಗಡಿಗೆ ಹೋದರು. ಬೀಗಿತ್ತಿ ಆದರದಿಂದಲೇ ಕೂರಿಸಿ, ಪಕ್ಕದಿಂದ ಎರಡು ಲೋಟ ಚಹಾ ತರಿಸಿದರು. ತಮ್ಮ ಲೋಟವನ್ನು ಮುಟ್ಟಲಿಲ್ಲ. ತುಟಿ ಒಣಗಿತ್ತು. ಒಂದು ತೋಳು ಮಡಚಿ ಹೊಲಿಯುವಷ್ಟರಲ್ಲಿ ಎರಡು ಸಲ "ಬಂದೆ, ಒಂದ್ನಿಮಿಷ," ಎಂದು ಹಿಂದಿನ ಬಾಗಿಲಿಂದ ಹೋಗಿ ಬಂದರು.

ಇಂಥ ಪ್ರಯಾಣಿಕರನ್ನು ಡ್ರೈವರು ಬೇಕಾದಷ್ಟು ನೋಡಿದ್ದರು. ಹತ್ತುವ ಮುಂಚೆಯೇ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆಂದು ಕೇಳುವವರು. ಮಡಿಲಲ್ಲಿ ನೀರಿನ ಬಾಟಲಿ ಇದ್ದರೂ ಮುಚ್ಚಳ ತೆಗೆಯದವರು. ನೇರವಾಗಿ ಕೇಳಿದರೆ ಆಕೆ ನಾಚಿಕೆಯಿಂದ ಕುಗ್ಗಿಹೋಗುತ್ತಾರೆ.

"ನನ್ನ ಬಸ್ಸಲ್ಲಿ ಒಬ್ರು ಮೇಷ್ಟ್ರು ಬರ್ತಿದ್ರು," ಎಂದು ಶುರುಮಾಡಿದರು. "ವಾರಕ್ಕೊಂದ್ಸಲ, ನಾಲ್ಕು ಗಂಟೆ ದಾರಿ. ಬೆವರು ಒರೆಸ್ಕೊಂಡು ಹಲ್ಲು ಕಚ್ಕೊಂಡು ಕೂರೋರು. ನನಗೆ ಅರ್ಥ ಆಗೋಕೆ ಒಂದು ವರ್ಷ ಹಿಡೀತು ನೋಡಿ. ಆಮೇಲೆ ದಾರಿ ಮಧ್ಯೆ ನಾನೇ ಟೈರು ನೋಡ್ಬೇಕು ಅಂತ ಬಸ್ಸು ನಿಲ್ಲಿಸ್ತಿದ್ದೆ."

ಹೊಲಿಗೆ ಯಂತ್ರ ನಿಂತಿತು. ಬೀಗಿತ್ತಿ ಸೂಜಿಯ ಕಡೆಯೇ ನೋಡುತ್ತಿದ್ದರು.

"ಆಪರೇಷನ್ ಆದ್ಮೇಲೆ ಹೀಗೆ. ಎರಡು ವರ್ಷ ಆಯ್ತು. ಅರ್ಧ ಗಂಟೆ ತಡಿಯೋಕಾಗಲ್ಲ," ಎಂದರು ಮೆಲ್ಲಗೆ. "ಮಗನ ಹತ್ರ ಏನಂತ ಹೇಳ್ಲಿ? ನೀವು ಗೊತ್ತು ಮಾಡಿರೋ ಹಾಲ್ ನಾನು ನೋಡಿದೀನಿ. ಶೌಚಾಲಯ ಇರೋದು ವೇದಿಕೆ ಪಕ್ಕ. ಎದ್ದಾಗಲೆಲ್ಲ ಇಡೀ ಮದುವೆ ಮುಂದೆ ನಡ್ಕೊಂಡು ಹೋಗ್ಬೇಕು."

"ನನ್ನ ಮಗಳು ನಿಮಗೆ ಹಿಡಿಸಿಲ್ಲ ಅಂದ್ಕೊಂಡು ಅಳ್ತಿದಾಳೆ."

"ಅಯ್ಯೋ, ಆ ಮಗೂನಾ?" ಬೀಗಿತ್ತಿಯ ಕೈ ಎದೆಗೆ ಹೋಯಿತು.

ಡ್ರೈವರು ಅಲ್ಲಿಂದ ನೇರ ಹಾಲಿಗೆ ಹೋದರು. ಹಿಂದಿನ ಬಾಗಿಲ ಪಕ್ಕ ಬೀಗ ಹಾಕಿದ ಒಂದು ಕೋಣೆಯಿತ್ತು. ಮುರಿದ ಕುರ್ಚಿ ತುಂಬಿದ್ದ ಅದೂ ಹೆಂಗಸರ ಶೌಚಾಲಯವೇ. "ಇಷ್ಟು ವರ್ಷ ಯಾರೂ ಕೇಳಿಲ್ಲ ಸಾರ್," ಎಂದ ಕಾವಲುಗಾರ. ಡ್ರೈವರು ಕೊಳಾಯಿ ರಿಪೇರಿಯವನನ್ನು ಹಿಡಿದು ತಂದು, ನಿಂತು ಕೆಲಸ ಮಾಡಿಸಿದರು. ಎರಡು ಕಡೆ "ಹತ್ತು ನಿಮಿಷ ಬಿಡುವು" ಎಂದು ಕಾರ್ಯಕ್ರಮದ ಪಟ್ಟಿಯಲ್ಲಿ ಸೇರಿಸಿ, ಬೀಗಿತ್ತಿಗೆ ಫೋನು ಮಾಡಿ ಎಲ್ಲ ತಿಳಿಸಿದರು.

"ಮದುವೆಗೂ ಇಂಟರ್‌ವಲ್ಲಾ?" ಎಂದಳು ಮಗಳು.

"ನಿಮ್ಮತ್ತೆ ಬರ್ತಾರೆ. ಯಾಕೆ ಏನು ಅಂತ ಕೇಳ್ಬೇಡ."

ಮಗಳು ಪಟ್ಟಿಯನ್ನು ಮತ್ತೊಮ್ಮೆ ಓದಿ ಮಡಚಿಟ್ಟಳು.

ಮದುವೆಯ ದಿನ ಬೀಗಿತ್ತಿ ಹಿಂದಿನ ಬಾಗಿಲ ಹತ್ತಿರದ ಕುರ್ಚಿ ಹಿಡಿದು ಕೂತರು. ಮೊದಲ ಬಿಡುವು ಸಾರಿದಾಗ ಒಬ್ಬರೂ ಮಿಸುಕಲಿಲ್ಲ. ಆಕೆ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದರೇ ಹೊರತು ಏಳಲಿಲ್ಲ. ಅಷ್ಟರಲ್ಲಿ ಸೋದರಮಾವ ಎದ್ದು, "ಅಬ್ಬಾ, ಬದುಕ್ಕೊಂಡೆ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ವೇದಿಕೆ ಪಕ್ಕದ ಶೌಚಾಲಯಕ್ಕೆ ದೌಡಾಯಿಸಿದರು. ನಗೆ ಎದ್ದಿತು. ಒಬ್ಬ ಬಸುರಿ ಎದ್ದಳು, ಇಬ್ಬರು ಅಜ್ಜಿಯರು ಎದ್ದರು, ನೋಡನೋಡುತ್ತ ಅರ್ಧ ಹಾಲೇ ಎದ್ದಿತು.

ಹಿಂದಿನ ಬಾಗಿಲಲ್ಲಿ ಹೆಂಗಸರ ಸಾಲು ಬೆಳೆಯಿತು. ಬೀಗಿತ್ತಿ ಮೊದಲಿಗರಾಗಿ ಒಳಗೆ ಹೋಗಿ ಬಂದು, ಮುಖ ತೊಳೆದುಕೊಂಡು ನಿಂತಿದ್ದರು. ಸಾಲಿನ ಕೊನೆಗೆ ಮದುವಣಗಿತ್ತಿ ಬಂದು ನಿಂತಳು.

"ನೀನೂನಾ?"

"ಬೆಳಿಗ್ಗೆಯಿಂದ ತಡ್ಕೊಂಡಿದೀನಿ ಅತ್ತೆ."

ಸಾಲು ನಿಂತ ನೆಲವೂ ಒದ್ದೆಯಾಗಿತ್ತು. ಬೀಗಿತ್ತಿ ಬಾಗಿ, ಹುಡುಗಿಯ ಉದ್ದನೆಯ ಉಡುಪಿನ ಅಂಚನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದರು. ಸಾಲು ಒಂದೊಂದೇ ಹೆಜ್ಜೆ ಸರಿಯಿತು. ಅಂಚು ಬಿಡದೆ ಅವರೂ ಹುಡುಗಿಯ ಹಿಂದೆಯೇ ಹೆಜ್ಜೆ ಇಟ್ಟರು.